ಹತ್ತು ಸ್ಟ್ರಿಪ್ ಮಾತ್ರೆಯ ವಿಷಯ

ತಮ್ಮಾ,

ನಿನ್ನ ಮೆಸೇಜು ಓದಿದೆ. ಬರ್ಮಿಂಗ್‌ಹ್ಯಾಮಿಗೆ ಹೋಗಿ ನಾಲ್ಕು ತಿಂಗಳು, ಅದರಲ್ಲಿ ಎರಡು ತಿಂಗಳಿಂದ ಹೊಟ್ಟೆ ಸರಿಯಿಲ್ಲ. ಅಲ್ಲಿ ಗ್ಯಾಸ್ಟ್ರೋ ಡಾಕ್ಟರರನ್ನು ಹಿಡಿಯುವುದು ಹೇಗೆ, ಆಗದಿದ್ದರೆ ನಾನು ಊರಿಂದ ವಾಪಸು ಬರುವಾಗ ಹತ್ತು ಸ್ಟ್ರಿಪ್ ಗ್ಯಾಸ್ಟ್ರಿಕ್ ಮಾತ್ರೆ ತರಬಹುದಾ ಎಂದು ಕೇಳಿದ್ದೀ. ಮಾತ್ರೆಯ ವಿಷಯ ಕಡೆಗೆ ಹೇಳುತ್ತೇನೆ.

ಉಡುಪಿಗೆ ಬಂದು ಎರಡು ವಾರ ಆಯಿತು. ನಿನ್ನೆಯಷ್ಟೇ ಅಮ್ಮನನ್ನು ಹೊಟ್ಟೆಯ ಡಾಕ್ಟರರಿಗೆ ತೋರಿಸಿದೆ. ಬೆಳಿಗ್ಗೆ ಟೋಕನ್, ಹತ್ತೂವರೆಗೆ ಡಾಕ್ಟರು. ಖಾಲಿ ಹೊಟ್ಟೆಯಲ್ಲೇ ಹೋಗಿದ್ದರಿಂದ ಮಧ್ಯಾಹ್ನದೊಳಗೆ ಬಾಯಿಯಿಂದ ಟ್ಯೂಬು ಇಳಿಸಿ ಹೊಟ್ಟೆ ನೋಡುವ ಎಂಡೋಸ್ಕೋಪಿಯೂ ಮುಗಿಯಿತು. ಯಾರ ಚೀಟಿಯೂ ಬೇಕಾಗಲಿಲ್ಲ, ದುಡ್ಡು ಬೇಕಾಯಿತು ಅಷ್ಟೆ. ಇಂಗ್ಲೆಂಡಿನಲ್ಲಿ ಈ ಕ್ರಮ ಇಲ್ಲ. ಅಲ್ಲಿ ಸರಕಾರಿ ವ್ಯವಸ್ಥೆಯಲ್ಲಿ ಮೊದಲು ಜಿಪಿ, ಅಂದರೆ ನಾವು ಹೆಸರು ಬರೆಸಿಕೊಂಡ ಕ್ಲಿನಿಕ್ಕಿನ ಸಾಮಾನ್ಯ ಡಾಕ್ಟರು. ಅವರು ಬರೆದರೆ ಮಾತ್ರ ಸ್ಪೆಷಲಿಸ್ಟ್. ಬರೆದ ಮೇಲೂ ಚಿಕಿತ್ಸೆ ಶುರುವಾಗಲು 18 ವಾರದ ಗುರಿ ಇಟ್ಟುಕೊಂಡಿದ್ದಾರೆ, ಅದೂ ಎಷ್ಟೋ ಸಲ ಮೀರುತ್ತದೆ. ನೀನಿನ್ನೂ ಜಿಪಿಯಲ್ಲಿ ಹೆಸರೇ ಬರೆಸಿಲ್ಲ ಅಂದೆಯಲ್ಲ, ಎಂತ ಮಾರಾಯ! ವೀಸಾ ಜೊತೆ ವರ್ಷಕ್ಕೆ 1,035 ಪೌಂಡಿನಂತೆ ಆರೋಗ್ಯದ ಸರ್ಚಾರ್ಜು ಕಟ್ಟಿಯೇ ಹೋದವನು ನೀನು. ಬಾಡಿಗೆ ಪತ್ರ ಕೈಗೆ ಬಂದಿಲ್ಲ ಎಂದು ಕಾಯಬೇಡ, ಹೆಸರು ಬರೆಸಲು ವಿಳಾಸದ ದಾಖಲೆ ಕೊಡಲೇಬೇಕೆಂದಿಲ್ಲ.

ಜಿಪಿಯ ಮುಂದೆ ಕೂತಾಗ ‘ಗ್ಯಾಸ್ಟ್ರಿಕ್’ ಅನ್ನಬೇಡ. ನಮ್ಮಲ್ಲಿ ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಅಲ್ಲಿನವರಿಗೆ ಅದು ಕಾಯಿಲೆಯ ಹೆಸರೇ ಅಲ್ಲ. ನೋವು ಎಲ್ಲಿ, ಊಟಕ್ಕೆ ಮೊದಲಾ ಆಮೇಲಾ, ಹುಳಿತೇಗು ಬರುತ್ತದಾ, ದಿನಕ್ಕೆ ಎಷ್ಟು ಸಲ ಕಕ್ಕಸಿಗೆ ಹೋಗುತ್ತೀ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದಾ ಎಂದು ಬಿಡಿಸಿ ಹೇಳಬೇಕು. ಸಿಗುವುದೇ ಹತ್ತು ನಿಮಿಷ, ನಾಚಿಕೆಗೆ ಪುರುಸೊತ್ತಿಲ್ಲ.

ನಾನು ಇಂಗ್ಲೆಂಡಿಗೆ ಹೋದ ಹೊಸತರಲ್ಲಿ ಊರಿನ ಮಾತ್ರೆ ನಂಬಿ ಎಡವಟ್ಟು ಮಾಡಿಕೊಂಡೆ. ಊರಿಂದ ತಂದ ಎಸಿಡಿಟಿ ಮಾತ್ರೆಯನ್ನು ಎಂಟು ತಿಂಗಳು ನುಂಗಿದೆ. ರಜೆಗೆ ಬಂದಾಗ ತೋರಿಸಿದರಾಯಿತು ಎಂಬ ಲೆಕ್ಕ. ಕಡೆಗೆ ತಡೆಯಲಾರದೆ ಜಿಪಿಗೆ ಹೋದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಉಂಟಾ ಎಂದು ಮಲ ಪರೀಕ್ಷೆ ಮಾಡಿಸಿದರು. ಹೊಟ್ಟೆಯ ಹುಣ್ಣಿಗೆ ದೊಡ್ಡ ಕಾರಣ ಅದು. ಅದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಯಾರೂ ನಂಬದಿದ್ದಾಗ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡ ಪುಣ್ಯಾತ್ಮ. ನನ್ನ ರಿಪೋರ್ಟು ‘ಇಲ್ಲ’ ಎಂದು ಬಂತು. ತಿಂಗಳುಗಟ್ಟಲೆ ಕಾದು ಸ್ಪೆಷಲಿಸ್ಟ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ಬೇರೆ ಯಾವ ಮಾತ್ರೆ ತಿನ್ನುತ್ತೀ? ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಅಡಗಿಸುತ್ತದಂತೆ. ಪರೀಕ್ಷೆಗೆ ಎರಡು ವಾರ ಮೊದಲು ಬಿಡಬೇಕಿತ್ತು. ಊರಿನ ಮಾತ್ರೆಯನ್ನು ಔಷಧ ಎಂದೇ ಲೆಕ್ಕ ಹಿಡಿಯದೆ ನಾನು ಹೇಳಿರಲಿಲ್ಲ. ಬಿಟ್ಟು ಮತ್ತೆ ಪರೀಕ್ಷಿಸಿದಾಗ ಸಿಕ್ಕಿತು, ವಾರದ ಆಂಟಿಬಯೋಟಿಕ್‌ನಲ್ಲಿ ಹೋಯಿತು.

ಗೋಧಿಯದ್ದೂ ಹಾಗೆಯೇ. ಕುಚ್ಚಲಕ್ಕಿ ಗಂಜಿ ತಿಂದು ಬೆಳೆದವನು ನೀನು, ಈಗ ಮೂರು ಹೊತ್ತು ಬ್ರೆಡ್ಡು, ಬೆಳಿಗ್ಗೆ ಹಾಲು-ಸೀರಿಯಲ್. ತೊಂದರೆ ಅದರಿಂದಲೇ ಇರಬಹುದು. ಹಾಲನ್ನು ಎರಡು ವಾರ ಬಿಟ್ಟು ನೋಡು, ಅಡ್ಡಿಯಿಲ್ಲ. ಗೋಧಿಯನ್ನು ಮಾತ್ರ ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ರಕ್ತಪರೀಕ್ಷೆ ಆಗುವವರೆಗೆ ಬಿಡಬೇಡ, ಬಿಟ್ಟರೆ ಕಾಯಿಲೆ ಇದ್ದರೂ ಕಾಣಿಸಲಿಕ್ಕಿಲ್ಲ.

ಈ ಗ್ಯಾಸ್ಟ್ರೋ ಡಾಕ್ಟರು ನೋಡುವುದು ಅನ್ನನಾಳದಿಂದ ಗುದದವರೆಗಿನ ದಾರಿ, ಜೊತೆಗೆ ಲಿವರ್, ಪಿತ್ತಕೋಶ, ಮೇದೋಜ್ಜೀರಕ. ಕೊಯ್ಯುವುದು ಸರ್ಜನ್ ಕೆಲಸ. ಇವರದು ಟ್ಯೂಬು ಇಳಿಸಿ ನೋಡುವುದು, ಚೂರು ತೆಗೆದು ಪರೀಕ್ಷೆಗೆ ಕಳಿಸುವುದು, ಮದ್ದು ಕೊಡುವುದು. ಅದಕ್ಕೆ ಮೊದಲು ಜಿಪಿಯೇ ರಕ್ತ, ಮಲದ ಪರೀಕ್ಷೆ ಮಾಡಿಸುತ್ತಾರೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕಲು ಫಿಟ್ ಎಂಬ ಪರೀಕ್ಷೆ, ಕರುಳಿನ ಉರಿಯೂತ ಹುಡುಕಲು ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ. ಡಬ್ಬಿ ಕೈಗೆ ಕೊಟ್ಟರೆ ಮುಖ ಸಿಂಡರಿಸಬೇಡ, ಎಷ್ಟೋ ಜನರಿಗೆ ಅಲ್ಲಿಯೇ ಉತ್ತರ ಸಿಕ್ಕಿ ಟ್ಯೂಬು ತಪ್ಪುತ್ತದೆ.

ಕಾಯಬಾರದ ಲಕ್ಷಣಗಳೂ ಉಂಟು. ಊಟ ಗಂಟಲಲ್ಲಿ ಸಿಕ್ಕಿಕೊಂಡಂತಾಗುವುದು, ಡಯಟ್ ಮಾಡದೆಯೇ ತೂಕ ಇಳಿಯುವುದು, ಕಾಮಾಲೆ, ಕಬ್ಬಿಣಾಂಶ ಕಡಿಮೆಯಾದ ರಕ್ತಹೀನತೆ, ಮಲದಲ್ಲಿ ರಕ್ತ. ರಕ್ತ ಕಂಡರೆ ಮೂಲವ್ಯಾಧಿ ಎಂದು ನೀನೇ ತೀರ್ಮಾನ ಮಾಡಬೇಡ, ನಮ್ಮವರು ಮೋಸಹೋಗುವುದೇ ಅಲ್ಲಿ. ಮೊನ್ನೆ ಬೀಟ್‌ರೂಟ್ ಪಲ್ಯ ತಿಂದದ್ದಾದರೆ ಬೇರೆ ಮಾತು. ಇಂಥದ್ದಿದ್ದರೆ ಜಿಪಿಗೆ ಮೊದಲ ವಾಕ್ಯದಲ್ಲೇ ಹೇಳು, ಅವರು ತುರ್ತು ಎಂದು ಬರೆಯುವ ದಾರಿ ಬೇರೆಯೇ ಉಂಟು. ರಕ್ತ ವಾಂತಿಯಾದರೆ, ಡಾಂಬರಿನಂಥ ಕಪ್ಪು ಮಲ ಹೋಗಿ ತಲೆ ತಿರುಗಿದರೆ ಜಿಪಿಯೂ ಬೇಡ, ನಾನೂ ಬೇಡ, ನೇರ 999.

ಇನ್ನೊಂದು. ಭಾರತದಿಂದ ಬಂದವನು ಎಂದು ಹೇಳಲು ಮರೆಯಬೇಡ. ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿದ್ದರೆ ಅದನ್ನೂ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಟ್ಯೂಬಿನಲ್ಲಿ ನೋಡಿದರೂ ಅಣ್ಣ-ತಮ್ಮಂದಿರ ಹಾಗೆ ಕಾಣುತ್ತವೆ, ಆದರೆ ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಟಿಬಿಯನ್ನು ಕೆರಳಿಸುತ್ತದೆ. ವೀಸಾಕ್ಕೆ ಎಕ್ಸ್‌ರೇ ಆಗಿದೆಯಲ್ಲ ಎನ್ನಬೇಡ, ಅದು ನೋಡಿದ್ದು ಎದೆಯನ್ನು.

ಟ್ಯೂಬು ಹಾಕುವ ಪ್ರಸಂಗ ಬಂದರೆ ಗಂಟಲಿಗೆ ಸ್ಪ್ರೇ ಸಾಕಾ, ನಿದ್ದೆಯ ಇಂಜೆಕ್ಷನ್ ಬೇಕಾ ಎಂದು ಕೇಳುತ್ತಾರೆ. ಇಂಜೆಕ್ಷನ್ ಆದರೆ ಮನೆಗೆ ಕರೆದೊಯ್ಯಲು ಜನ ಬೇಕು. ರೂಮಿನಲ್ಲಿ ಒಬ್ಬನೇ ಇರುವವನು, ನನಗೆ ಫೋನ್ ಮಾಡು, ಬರುತ್ತೇನೆ.

ಮಾತ್ರೆ ತರುವುದಿಲ್ಲ. ಬೇಕೇ ಆದರೆ ಎಸಿಡಿಟಿಯ ಮಾತ್ರೆ ಒಮೆಪ್ರಜೋಲ್ ಅಲ್ಲಿನ ಫಾರ್ಮಸಿಯಲ್ಲೇ ಚೀಟಿ ಇಲ್ಲದೆ ಸಿಗುತ್ತದೆ, ತೆಗೆದುಕೊಂಡರೆ ಜಿಪಿಗೆ ಹೇಳು. ಕುಚ್ಚಲಕ್ಕಿ ಐದು ಕಿಲೋ, ಪುನರ್ಪುಳಿ ಸಿಪ್ಪೆ ಅರ್ಧ ಕಿಲೋ ಕಟ್ಟಿ ಇಟ್ಟಿದ್ದೇನೆ. ಸುರತ್ಕಲ್‌ನಿಂದ ನಿನ್ನ ಅಮ್ಮ ಏನಾದರೂ ಕಳಿಸುವುದಿದ್ದರೆ ಶನಿವಾರದೊಳಗೆ ಕಳಿಸಲು ಹೇಳು, ಬ್ಯಾಗಿನಲ್ಲಿ ಇನ್ನು ಮೂರು ಕಿಲೋಗೆ ಮಾತ್ರ ಜಾಗ ಉಂಟು.