ಆಟದ ಜಗಲಿ: ನಾಲ್ಕು ಜನಕ್ಕೆ 180 ಕಾರ್ಡ್ ಸಾಕು

ಪ್ರಶ್ನೆ: ಅಕ್ಕಾ, ನಾವು ನಾಲ್ಕು ಜನ ಗೆಳೆಯರು. ಮೈಸೂರಿನಲ್ಲಿ ಓದುವಾಗ 'ಮ್ಯಾಜಿಕ್: ದ ಗ್ಯಾದರಿಂಗ್' ಕಾರ್ಡ್ ಆಟ ಕಲಿತೆವು. ಈಗ ಎಲ್ಲರೂ ಊರಲ್ಲೇ ಇದ್ದೇವೆ. ಡ್ರಾಫ್ಟ್ ಆಡುವುದೆಂದರೆ ನಮಗೆ ತುಂಬಾ ಇಷ್ಟ. ಆದರೆ ಒಂದು ಸಲ ಕೂರಲು ತಲಾ ಮೂರು ಪ್ಯಾಕ್, ಅಂದರೆ ಹನ್ನೆರಡು ಪ್ಯಾಕ್ ಒಡೆಯಬೇಕು. ಆಮೇಲೆ ಆ ಕಾರ್ಡುಗಳು ಡಬ್ಬಿಯಲ್ಲಿ ಸುಮ್ನೆ ಬಿದ್ದಿರುತ್ತವೆ. ಒಮ್ಮೆ ದುಡ್ಡು ಹಾಕಿ ವರ್ಷಗಟ್ಟಲೆ ಆಡುವ ದಾರಿ ಇದೆಯಾ?
— ಓದುಗ, ಗೋಣಿಕೊಪ್ಪಲು

ಉತ್ತರ: ಇದೆ ತಮ್ಮಾ. ಅದಕ್ಕೆ ಕ್ಯೂಬ್ ಅಂತಾರೆ. ನಾವೇ ಆರಿಸಿ ಜೋಡಿಸಿಟ್ಟ ಕಾರ್ಡುಗಳ ಒಂದು ರಾಶಿ. ಆಡುವ ದಿನ ಕಲೆಸಿ, 15ರ ಕಟ್ಟು ಮಾಡಿ, ಡ್ರಾಫ್ಟ್ ಮಾಡಿ, ಆಟ ಮುಗಿದ ಮೇಲೆ ಎಲ್ಲವನ್ನೂ ವಾಪಸ್ ಅದೇ ಡಬ್ಬಿಗೆ ಹಾಕುವುದು. ಯಾವ ಕಾರ್ಡೂ ಯಾರ ಸ್ವಂತದ್ದೂ ಅಲ್ಲ.

ಡ್ರಾಫ್ಟ್ ಗೊತ್ತಿಲ್ಲದವರಿಗೆ ಒಂದು ಮಾತು. ಮೈದಾನದಲ್ಲಿ ಹಾಕಿಗೆ ಮೊದಲು ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆದು ಟೀಮ್ ಕಟ್ಟುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ನಿಮ್ಮ ಕೈಯ 15 ಕಾರ್ಡುಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವರಿಗೆ ಕೊಡಬೇಕು. ಕಟ್ಟು ಮುಗಿಯುವವರೆಗೆ ಹೀಗೇ. ಎರಡನೇ ಕಟ್ಟು ಬಲಕ್ಕೆ ಹೋಗುತ್ತದೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ಒಬ್ಬೊಬ್ಬರ ಹತ್ತಿರ 45 ಕಾರ್ಡ್ ಇರುತ್ತವೆ. ಅದರಲ್ಲಿ 23 ಆರಿಸಿ, 17 ಲ್ಯಾಂಡ್ ಸೇರಿಸಿದರೆ 40ರ ಡೆಕ್ ಸಿದ್ಧ. ಲ್ಯಾಂಡ್ ಅಂದರೆ ಮಾನಾ ಕೊಡುವ ಕಾರ್ಡ್, ಮಾನಾ ಅಂದರೆ ಉಳಿದ ಕಾರ್ಡುಗಳನ್ನು ಆಡಲು ಬೇಕಾದ ಶಕ್ತಿ.

ಕ್ಯೂಬ್ ಅಂದ ಕೂಡಲೇ ಎಲ್ಲರೂ 360 ಕಾರ್ಡ್ ಅಂತಾರೆ. ಅದು ಎಂಟು ಜನರ ಲೆಕ್ಕ. ಎಂಟು ಸಲ 45. ನಾನೂ ಮೊದಲು 360 ಜೋಡಿಸಿದೆ. ಆಡುವವರು ನಾವು ನಾಲ್ಕೇ ಜನ: ನಾನು, ನನ್ನ ತಮ್ಮ, ಅವನ ಹೆಂಡತಿ, ನಮ್ಮ ತೋಟದ ಲೆಕ್ಕ ಬರೆಯುವ ರೈಟರ್. ಪ್ರತಿ ಸಲ ಅರ್ಧ ಕಾರ್ಡ್ ಡಬ್ಬಿಯಲ್ಲೇ ಉಳಿಯುತ್ತಿತ್ತು. ಸ್ಮಶಾನದಿಂದ, ಅಂದರೆ ಆಟದಲ್ಲಿ ಸತ್ತ ಕಾರ್ಡುಗಳ ಗುಡ್ಡೆಯಿಂದ, ಪ್ರಾಣಿಗಳನ್ನು ಎಬ್ಬಿಸುವ ಕಪ್ಪು ಕಾರ್ಡ್ ಹಿಡಿದು ರೈಟರಣ್ಣ ಕಾಯುತ್ತಿದ್ದರು. ಎಬ್ಬಿಸಲು ತಕ್ಕ ದೊಡ್ಡ ಪ್ರಾಣಿಗಳೆಲ್ಲ ಆ ದಿನ ಡಬ್ಬಿಯಲ್ಲಿ. ಮೂರು ಭಾನುವಾರ ಹೀಗೇ ಆಯಿತು. ಆಮೇಲೆ ಅರ್ಧ ತೆಗೆದೆ. ನಾಲ್ಕು ಜನಕ್ಕೆ 180 ಕಾರ್ಡ್, ಒಂದೂ ಉಳಿಯುವುದಿಲ್ಲ. ಡಬ್ಬಿಯಲ್ಲಿರುವುದೆಲ್ಲ ಮೇಜಿನ ಮೇಲೆ ಬರುತ್ತದೆ ಅಂತ ಗೊತ್ತಿದ್ದರೆ ಆಡುವವರಿಗೆ ಧೈರ್ಯ ಬರುತ್ತದೆ. ನೀವೂ ಅಲ್ಲಿಂದಲೇ ಶುರುಮಾಡಿ.

ನನ್ನ 180 ಹೀಗಿದೆ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ತಲಾ 28. ಎರಡು ಬಣ್ಣ ಸೇರಿದವು 20, ಅಂದರೆ ಹತ್ತು ಜೋಡಿಗೆ ಎರಡೆರಡು. ಬಣ್ಣವಿಲ್ಲದ್ದು 10, ಬಣ್ಣ ಹೊಂದಿಸಲು ನೆರವಾಗುವ ಲ್ಯಾಂಡ್ 10. ಪ್ರತಿ ಬಣ್ಣದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ರೀಚರ್, ಅಂದರೆ ಕಾದಾಡುವ ಪ್ರಾಣಿ ಕಾರ್ಡ್ ಇರಲಿ, ಇಲ್ಲದಿದ್ದರೆ ಆಟ ಎಳೆಯುತ್ತದೆ. ಯಾವ ಕಾರ್ಡೂ ಎರಡು ಸಲ ಬೇಡ.

ಎಲ್ಲವೂ ಕಾಮನ್ ಕಾರ್ಡುಗಳೇ, ಅಂದರೆ ಪ್ಯಾಕಿನಲ್ಲಿ ಹೆಚ್ಚಾಗಿ ಸಿಗುವಂಥವು. ಇದನ್ನು ಪಾಪರ್ ಕ್ಯೂಬ್ ಅಂತಾರೆ. ದುಡ್ಡು ಉಳಿಸಲು ಅಂತ ಶುರುಮಾಡಿದೆ. ಈಗ ಯಾರಾದರೂ ದುಬಾರಿ ಕಾರ್ಡ್ ಪುಕ್ಕಟೆ ಕೊಟ್ಟರೂ ಒಳಗೆ ಹಾಕುವುದಿಲ್ಲ. ರೇರ್ ಕಾರ್ಡ್ ಬಂದರೆ ಕೈ ತಾನಾಗಿ ಅದಕ್ಕೇ ಹೋಗುತ್ತದೆ. ಕಾಮನ್‌ಗಳಲ್ಲಿ ಯೋಚನೆ ಮಾಡಲೇಬೇಕು. ಹೋದ ಮಳೆಗಾಲದಲ್ಲಿ ತಮ್ಮನ ಕೈಗೆ ಒಂದೇ ಕಟ್ಟಿನಲ್ಲಿ ಲೈಟ್ನಿಂಗ್ ಬೋಲ್ಟ್, ಮಲ್‌ಡ್ರಿಫ್ಟರ್ ಎರಡೂ ಬಂದವು. ಬೋಲ್ಟ್‌ಗೆ ಒಂದೇ ಒಂದು ಕೆಂಪು ಮಾನಾ, ಯಾರಿಗೆ ಬೇಕಾದರೂ ಮೂರು ಪೆಟ್ಟು. ಮಲ್‌ಡ್ರಿಫ್ಟರ್ ನೀಲಿ, ಐದು ಮಾನಾ. ಹಾರುವ ಪ್ರಾಣಿ, ಬರುವಾಗ ಎರಡು ಕಾರ್ಡ್ ತರುತ್ತದೆ. ಮಾನಾ ಸಾಲದಿದ್ದರೆ ಮೂರಕ್ಕೇ ಆಡಬಹುದು. ಎರಡು ಕಾರ್ಡ್ ಸಿಗುತ್ತದೆ, ಪ್ರಾಣಿ ಮಾತ್ರ ಉಳಿಯುವುದಿಲ್ಲ. ಎರಡನ್ನೂ ಪಕ್ಕಪಕ್ಕ ಹಿಡಿದು ಅವನು ಎಷ್ಟು ಹೊತ್ತು ಕೂತನೆಂದರೆ, ಮುಂದಿದ್ದ ಬೆಲ್ಲದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಕೊನೆಗೆ ಮಲ್‌ಡ್ರಿಫ್ಟರ್ ಇಟ್ಟುಕೊಂಡ. ಬೋಲ್ಟ್ ಪಕ್ಕದಲ್ಲಿದ್ದ ಹೆಂಡತಿ ಕೈಗೆ ಹೋಯಿತು. ಅದರಲ್ಲೇ ಅವನು ಸೋತ. ಆ ಎರಡೂ ಕಾಮನ್ ಕಾರ್ಡುಗಳೇ ಅಲ್ವಾ!

ಖರ್ಚಿನ ವಿಷಯ. ಹೊಸ ಪ್ಯಾಕ್ ಕೊಳ್ಳಬೇಡಿ. ನಿಮ್ಮ ಡಬ್ಬಿಯಲ್ಲಿ ಬಿದ್ದಿರುವ ಕಾರ್ಡುಗಳನ್ನು ಮೊದಲು ಬಣ್ಣದ ಪ್ರಕಾರ ವಿಂಗಡಿಸಿ. ಅರ್ಧ ಕ್ಯೂಬ್ ಅಲ್ಲೇ ಸಿಕ್ಕೀತು. ನಾನು 60 ಅಸಲಿ ಕಾರ್ಡುಗಳನ್ನು ಬಿಡಿಬಿಡಿಯಾಗಿ, ಸರಾಸರಿ 8 ರೂಪಾಯಿಗೆ ಕೊಂಡೆ. ಉಳಿದ 120ನ್ನು ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ಹಾಕಿಸಿದೆ. ಕಾರ್ಡಿನ ಅಳತೆ 63 ಗುಣಿಸು 88 ಮಿಲಿಮೀಟರ್. ಒಂದು ಎ4 ಹಾಳೆಯಲ್ಲಿ ಒಂಬತ್ತು ಹಿಡಿಯುತ್ತವೆ. ಹಾಗಾಗಿ 14 ಹಾಳೆ. ಆ 180 ಅಲ್ಲದೆ ಸಾದಾ ಲ್ಯಾಂಡ್ 100 ಬೇಕು, ಬಣ್ಣಕ್ಕೆ 20. ಅದಕ್ಕೆ 12 ಹಾಳೆ. ಹಾಳೆಗೆ 10 ರೂಪಾಯಿಯಂತೆ 260 ಆಯಿತು.

ಬರೀ ಕಾಗದ ಕೈಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಹಳೇ ಇಸ್ಪೀಟ್ ಎಲೆ ಬೇಕು. ರಮ್ಮಿ ಆಡುವ ಮನೆಗಳಲ್ಲಿ, ಕ್ಲಬ್ಬುಗಳಲ್ಲಿ ಸವೆದ ಪ್ಯಾಕುಗಳನ್ನು ಎಸೆಯುತ್ತಾರೆ. ಕೇಳಿದರೆ ಕೊಡುತ್ತಾರೆ. ನನಗೆ ಐದು ಪ್ಯಾಕ್ ಸಾಕಾಯಿತು. ಸ್ಲೀವ್, ಅಂದರೆ ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರ್ ಒಳಗೆ ಹಿಂದೆ ಎಲೆ, ಮುಂದೆ ಪ್ರಿಂಟ್. ಅಂಟು ಬೇಡ, ಅಂಟಿಸಿದರೆ ಮುದುಡುತ್ತದೆ. ಸ್ಲೀವ್‌ನ ಹಿಂಭಾಗ ಒಳಗಿನದು ಕಾಣದಂಥ ಬಣ್ಣದ್ದಾಗಿರಲಿ. ಪಾರದರ್ಶಕ ಸ್ಲೀವ್ ತಂದರೆ ಯಾವುದು ಅಸಲಿ, ಯಾವುದು ಪ್ರಿಂಟ್ ಅಂತ ಬೆನ್ನು ನೋಡಿಯೇ ತಿಳಿಯುತ್ತದೆ. ನೂರು ಸ್ಲೀವಿನ ಮೂರು ಪ್ಯಾಕನ್ನು ಒಂದೇ ಸಲ, ಒಂದೇ ಕಡೆ ಕೊಳ್ಳಿ. ಆರು ತಿಂಗಳು ಬಿಟ್ಟು ಅದೇ ಕಪ್ಪು ತಂದರೂ ಛಾಯೆ ಬೇರೆ ಇರುತ್ತದೆ. ನನಗೆ ಇವು 900 ರೂಪಾಯಿ ಬಿದ್ದವು. ಒಟ್ಟು 1,640. ನಾಲ್ಕು ಜನ ಹಂಚಿಕೊಂಡರೆ ತಲಾ 410.

ಪ್ರಶ್ನೆ: ಪ್ರಿಂಟ್ ಮಾಡಿದ ಕಾರ್ಡಲ್ಲಿ ಆಡುವುದು ತಪ್ಪಲ್ವಾ?
— ಓದುಗರು, ಕುಶಾಲನಗರ

ಉತ್ತರ: ಮನೆಯಲ್ಲಿ ಗೆಳೆಯರ ಜೊತೆ ಆಡಲು ಯಾರ ಅಡ್ಡಿಯೂ ಇಲ್ಲ. ಅಧಿಕೃತ ಪಂದ್ಯಗಳಲ್ಲಿ ಅಸಲಿ ಕಾರ್ಡ್ ಬೇಕೇ ಬೇಕು. ಪ್ರಿಂಟನ್ನು ಅಸಲಿ ಅಂತ ಮಾರುವುದು ಮೋಸ. ಅದನ್ನು ಯಾವತ್ತೂ ಮಾಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಮನೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೆ ಡ್ರಾಫ್ಟ್ ಆಗುತ್ತಾ? ಕಾರ್ಡುಗಳು ಥಂಡಿ ಹಿಡಿದು ಬಾಗುತ್ತವೆ, ಅದಕ್ಕೇನು ಮಾಡಲಿ?
— ಓದುಗರು, ಸೋಮವಾರಪೇಟೆ

ಉತ್ತರ: ಇಬ್ಬರಿಗೆ ವಿನ್‌ಸ್ಟನ್ ಡ್ರಾಫ್ಟ್ ಇದೆ. ಮ್ಯಾಜಿಕ್ ಆಟವನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಅವರೇ ಇದನ್ನೂ ಮಾಡಿದ್ದು. 90 ಕಾರ್ಡ್ ಕಲೆಸಿ ಮಧ್ಯದಲ್ಲಿಡಿ. ಅದರಿಂದ ಮೂರು ಕಾರ್ಡ್ ತೆಗೆದು ಮಗುಚಿ ಮೂರು ಗುಡ್ಡೆ ಮಾಡಿ. ನಿಮ್ಮ ಸರದಿ ಬಂದಾಗ ಮೊದಲ ಗುಡ್ಡೆ ನೋಡಿ. ಬೇಕಿದ್ದರೆ ಪೂರ್ತಿ ತೆಗೆದುಕೊಂಡು, ಆ ಜಾಗದಲ್ಲಿ ಒಂದು ಹೊಸ ಕಾರ್ಡ್ ಇಡಿ. ಬೇಡವಾದರೆ ಅದರ ಮೇಲೆ ಇನ್ನೊಂದು ಕಾರ್ಡ್ ಮಗುಚಿಟ್ಟು ಎರಡನೆಯದಕ್ಕೆ ಹೋಗಿ. ಮೂರನೆಯದನ್ನೂ ಬಿಟ್ಟರೆ ಅದಕ್ಕೂ ಒಂದು ಸೇರಿಸಿ, ರಾಶಿಯ ಮೇಲಿನ ಕಾರ್ಡನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಕು. ಬಿಟ್ಟ ಗುಡ್ಡೆ ದಪ್ಪವಾಗುತ್ತಾ ಹೋಗುತ್ತದೆ. ನೀವು ಒಲ್ಲೆ ಅಂದ ಎರಡು ಕಾರ್ಡ್ ಜೊತೆ ನಿಮಗೆ ಕಾಣದ ಒಂದು ಯಜಮಾನರ ಕೈಗೆ ಹೋಗುವಾಗ ಎದೆ ಡವಡವ ಅನ್ನುತ್ತದೆ. ಜುಲೈನಲ್ಲಿ ಕರೆಂಟ್ ಹೋದ ಸಂಜೆ, ಒಂದು ಲಾಟೀನು ಹಚ್ಚಿಟ್ಟು ಆಡಿ ನೋಡಿ.

ಥಂಡಿಗೆ ನಾನು ಬಿಸ್ಕತ್ತಿನ ತಗಡಿನ ಡಬ್ಬಿ ಬಳಸುತ್ತೇನೆ. ಮುಚ್ಚಳ ಬಿಗಿಯಾಗಿರಬೇಕು. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಒಳಗೆ ಹಾಕಿ, ಮಕ್ಕಳ ಕೈಗೆ ಮಾತ್ರ ಸಿಗಬಾರದು. ಮಳೆಗಾಲ ಮುಗಿಯುವಷ್ಟರಲ್ಲಿ ಅವೂ ನೀರು ಕುಡಿದು ತಣ್ಣಗಾಗಿರುತ್ತವೆ, ಬದಲಾಯಿಸಿ. ಮಿರಮಿರ ಮಿಂಚುವ ಫಾಯಿಲ್ ಕಾರ್ಡುಗಳನ್ನು ಕ್ಯೂಬಿಗೆ ಸೇರಿಸಲೇಬೇಡಿ. ನಮ್ಮ ಹವೆಯಲ್ಲಿ ಬಾಗುವುದರಲ್ಲಿ ಅವೇ ಮೊದಲು, ಮತ್ತೆ ಬಾಗಿದ ಕಾರ್ಡ್ ರಾಶಿಯಲ್ಲಿ ಎಲ್ಲಿದೆ ಅಂತ ದೂರದಿಂದಲೇ ಕಾಣುತ್ತದೆ.

ಗೋಣಿಕೊಪ್ಪಲಿನ ತಮ್ಮನಿಗೆ ಒಂದು ಮಾತು ಬಿಟ್ಟುಹೋಯಿತು. ಪ್ರತಿ ಆಟದ ಕೊನೆಗೆ, ಎಲ್ಲರೂ ಬಿಟ್ಟುಬಿಟ್ಟು ಕಟ್ಟಿನ ಕೊನೆಯಲ್ಲಿ ಉಳಿದ ಕಾರ್ಡ್ ಯಾವುದು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ಸಲ ಅದೇ ಹೆಸರು ಬಂದರೆ ಆ ಕಾರ್ಡ್ ತೆಗೆದು ಬೇರೆ ಹಾಕಿ. ಪುತ್ತರಿಯ ಹೊತ್ತಿಗೆ ನಿಮ್ಮ ಪಟ್ಟಿ ಎಷ್ಟು ಬದಲಾಯಿತು ಅಂತ ನನಗೆ ಬರೆಯಿರಿ.