ದುಡ್ಡು ಕೇಳೋಕೆ ನಾಚಿಕೆ ಆಗುತ್ತೆ, ಕೆಲಸಕ್ಕೆ ಸೇರಿಬಿಡಲಾ?

ಮೇಡಂ, ನನಗೆ 29 ವರ್ಷ. ಊರು ದಾವಣಗೆರೆ, ಇರುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಎರಡು ವರ್ಷದ ಹಿಂದೆ ಡಿಸೈನ್ ಸ್ಟುಡಿಯೊ ಕೆಲಸ ಬಿಟ್ಟು ಫ್ರೀಲಾನ್ಸ್ ಇಲಸ್ಟ್ರೇಟರ್ ಆದೆ. ಮಕ್ಕಳ ಪುಸ್ತಕ, ತಿಂಡಿ ಪ್ಯಾಕೆಟ್, ಮದುವೆ ಕಾರ್ಡ್, ಏನು ಬಂದರೂ ಚಿತ್ರ ಬರೆಯುತ್ತೇನೆ. ಒಂದು ತಿಂಗಳು 60 ಸಾವಿರ ಬಂದರೆ ಇನ್ನೊಂದು ತಿಂಗಳು 8 ಸಾವಿರ. ಖರ್ಚು 34 ಸಾವಿರ, ಉಳಿತಾಯ ಒಂದು ಲಕ್ಷ. ಮೂರು ಕಡೆಯಿಂದ 74 ಸಾವಿರ ಬರಬೇಕು. ಕೇಳಿದರೆ ಭಿಕ್ಷೆ ಬೇಡಿದ ಹಾಗೆ ಅನಿಸುತ್ತೆ. ಮೊನ್ನೆ 24 ಪುಟದ ಪುಸ್ತಕಕ್ಕೆ 30 ಸಾವಿರಕ್ಕೆ ಒಪ್ಪಿಕೊಂಡೆ, 40 ದಿನ ಹಿಡಿಯಿತು. ಚಿಕ್ಕಮ್ಮ ಮಗಳ ಮದುವೆ ಕಾರ್ಡ್‌ಗೆ 'ನಿನಗೆ ಐದು ನಿಮಿಷದ ಕೆಲಸ ಅಲ್ವಾ' ಅಂದರು. ಎಐ ಬಂದ ಮೇಲೆ ಸಣ್ಣ ಕೆಲಸಗಳೂ ಕಮ್ಮಿ. ಅಪ್ಪಾಜಿಗೆ ಊರಲ್ಲಿ ಬಟ್ಟೆ ಅಂಗಡಿ ಇದೆ. ಫೋನ್ ಮಾಡಿದಾಗಲೆಲ್ಲ 'ಒಂದನೇ ತಾರೀಖು ಸಂಬಳ ಬರೋ ಕೆಲಸ ನೋಡವ್ವಾ' ಅಂತಾರೆ. ಹಳೆ ಸ್ಟುಡಿಯೊದವರು 45 ಸಾವಿರಕ್ಕೆ ವಾಪಸ್ ಕರೆಯುತ್ತಿದ್ದಾರೆ. ಸೇರಿದರೆ ಹೊರಗಿನ ಕೆಲಸ ಮಾಡುವಂತಿಲ್ಲ. ಮುಂದಿನ ತಿಂಗಳು 10ರೊಳಗೆ ಹೇಳಬೇಕು. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಪತ್ರದ ಜೊತೆ ಮೂರು ಚಿತ್ರ ಕಳಿಸಿದ್ದೀರಿ. ಮೊದಲು ಅದನ್ನೇ ನೋಡುತ್ತಾ ಕೂತೆ. ಮಂಡಕ್ಕಿ ಭಟ್ಟಿಯ ಚಿತ್ರದಲ್ಲಿ ಕಾದ ಮರಳಿನ ಮುಂದೆ ಕೂತ ಹೆಂಗಸು ಸೆರಗನ್ನು ಮೂಗಿಗೆ ಅಡ್ಡ ಹಿಡಿದಿದ್ದಾಳೆ. ಇನ್ನೊಂದು ಕೈಯ ಜರಡಿಯಿಂದ ನಾಲ್ಕು ಮಂಡಕ್ಕಿ ಹೊರಗೆ ಹಾರಿವೆ. ಆ ನಾಲ್ಕು ಮಂಡಕ್ಕಿ ಬರೆಯಬೇಕು ಅಂತ ತೋಚಿತಲ್ಲ, ಅಷ್ಟು ಸಾಕು. ನಿಮ್ಮ ಕೈ ಚೆನ್ನಾಗಿಯೇ ಇದೆ. ತೊಂದರೆ ಬಂದಿರುವುದು ಬಾಯಿಯಿಂದ.

ಬಾಕಿ ಕೇಳಿ ನೀವು ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜನ್ನೂ ಲಗತ್ತಿಸಿದ್ದೀರಿ. 'ಸರ್, ಬ್ಯುಸಿ ಇರ್ತೀರ ಅಂತ ಗೊತ್ತು, ತೊಂದರೆ ಕೊಡ್ತಿದೀನಿ, ಸಾರಿ, ಫ್ರೀ ಆದಾಗ ಪೇಮೆಂಟ್ ಸ್ವಲ್ಪ ನೋಡ್ತೀರಾ.' ಕೊನೆಗೆ ಕೈಮುಗಿದ ಎರಡು ಇಮೋಜಿ. ಇದೇ ಮೆಸೇಜ್ ಏಳು ಸಲ ಹೋಗಿದೆ. ಇದರಲ್ಲಿ ಕ್ಷಮೆ ಇದೆ, ವಿನಯ ಇದೆ. ಎಷ್ಟು ದುಡ್ಡು, ಯಾವ ಬಿಲ್ಲು, ಯಾವತ್ತಿನದು, ಒಂದೂ ಇಲ್ಲ. ಓದಿದವರಿಗೆ 'ಪಾಪ, ಒಳ್ಳೆ ಹುಡುಗಿ' ಅನಿಸುತ್ತೆ, ಅಷ್ಟೇ. ಅವರು ಫ್ರೀ ಆಗುವುದೂ ಇಲ್ಲ.

ಇನ್ನು ಮೇಲೆ ಹೀಗೆ ಬರೆಯಿರಿ: 'ನಮಸ್ಕಾರ. ಬಿಲ್ ನಂಬರ್ 14, ಮಾರ್ಚ್ 3ರದ್ದು, 28,000 ರೂಪಾಯಿ ಬಾಕಿ ಇದೆ. ಕೆಲಸ ಫೆಬ್ರವರಿ 26ಕ್ಕೆ ಒಪ್ಪಿಸಿದ್ದೇನೆ. ಈ ಶುಕ್ರವಾರದೊಳಗೆ ಹಣ ಹಾಕಿಸಿ. ಅಕೌಂಟ್ಸ್‌ನಲ್ಲಿ ಯಾರ ಹತ್ತಿರ ಮಾತಾಡಬೇಕು ತಿಳಿಸಿ.' ವಾಟ್ಸ್‌ಆ್ಯಪ್ ಬೇಡ, ಇಮೇಲ್‌ನಲ್ಲಿ, ಬಿಲ್ ಮತ್ತೆ ಲಗತ್ತಿಸಿ. ಕೆಲಸ ಕೊಟ್ಟವರು ಬೇರೆ, ದುಡ್ಡು ಹಾಕುವವರು ಬೇರೆ. ನಿಮ್ಮ ಚಿತ್ರ ಮೆಚ್ಚಿದ ಸಂಪಾದಕರಿಗೆ ನೀವು ಮುಜುಗರ ಪಡುತ್ತಾ ಮೆಸೇಜ್ ಹಾಕಿದರೆ, ಅವರೂ ಮುಜುಗರ ಪಟ್ಟುಕೊಂಡು ಸುಮ್ನಿರುತ್ತಾರೆ. ಅಕೌಂಟ್ಸ್‌ನವರಿಗೆ ನಿಮ್ಮ ಮೇಲೆ ಪ್ರೀತಿಯೂ ಇಲ್ಲ, ಸಂಕೋಚವೂ ಇಲ್ಲ. ನಂಬರ್ ಕೊಟ್ಟರೆ ಹುಡುಕುತ್ತಾರೆ.

ಈ ವಾರವೇ ಇನ್ನೊಂದು ಕೆಲಸ ಮಾಡಿ. ಉದ್ಯಮ್ ನೋಂದಣಿ, ಅಂದರೆ ನಿಮ್ಮದೂ ಒಂದು ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲು, ಮಾಡಿಸಿಕೊಳ್ಳಿ. ಸರ್ಕಾರಿ ಜಾಲತಾಣದಲ್ಲಿ ಆಧಾರ್, ಪ್ಯಾನ್ ಇದ್ದರೆ ಆಯಿತು, ಒಂದು ಪೈಸೆ ಖರ್ಚಿಲ್ಲ. 2006ರ ಸಣ್ಣ ಉದ್ದಿಮೆ ಕಾಯ್ದೆ ಪ್ರಕಾರ ನಿಮ್ಮಂಥ ಸಣ್ಣವರಿಗೆ ಕೊಡಬೇಕಾದ ದುಡ್ಡನ್ನು, ಒಪ್ಪಂದದಲ್ಲಿ ಎಷ್ಟೇ ದಿನ ಅಂತ ಬರೆದಿರಲಿ, 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಆ ಗಡುವು ಮೀರಿದರೆ ಕಂಪನಿಯವರು ನಿಮ್ಮ ಬಿಲ್ಲನ್ನು ನಿಜವಾಗಿ ಕಟ್ಟಿದ ವರ್ಷದಲ್ಲಿ ಮಾತ್ರ ಖರ್ಚಿಗೆ ತೋರಿಸಬಹುದು. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತು. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕಿ ನೋಡಿ, ಜಗಳ ಆಡದೆಯೇ ಎಷ್ಟೋ ಬಿಲ್ಲು ಮುಂದಕ್ಕೆ ಸರಿಯುತ್ತದೆ. ಹಳೇ 74 ಸಾವಿರ ನೋಂದಣಿಗೆ ಮೊದಲಿನ ಕೆಲಸದ್ದು, ಅದಕ್ಕೆ ಈ ಕಾಯ್ದೆಯಿಂದ ಜಾಸ್ತಿ ನೆರವು ಸಿಗದೇ ಇರಬಹುದು, ಅದನ್ನು ಮೆಸೇಜಿನಲ್ಲೇ ವಸೂಲು ಮಾಡಬೇಕು. ಜಿಎಸ್‌ಟಿ ಚಿಂತೆ ಈಗ ಬೇಡ. ನಿಮ್ಮದು ಸೇವೆ, ವರ್ಷಕ್ಕೆ 20 ಲಕ್ಷ ದಾಟಿದಾಗ ನೋಡಿಕೊಳ್ಳೋಣ.

ಈಗ ಆ 24 ಪುಟದ ಪುಸ್ತಕ. 30 ಸಾವಿರವನ್ನು 40 ದಿನಕ್ಕೆ ಹಂಚಿದರೆ ದಿನಕ್ಕೆ 750. ನಿಮಗೆ ದಿನಕ್ಕೆ ಎಷ್ಟು ಬೇಕು ಅಂತ ಯಾವತ್ತಾದರೂ ಕೂತು ಲೆಕ್ಕ ಹಾಕಿದ್ದೀರಾ? ಖರ್ಚು 34 ಸಾವಿರ. ಸಾಫ್ಟ್‌ವೇರ್, ಟ್ಯಾಬ್ಲೆಟ್ ಕೆಟ್ಟರೆ ಇನ್ನೊಂದು, ಆರೋಗ್ಯ ವಿಮೆ, ಒಂದಿಷ್ಟು ಉಳಿತಾಯ, ಎಲ್ಲ ಸೇರಿ ಇನ್ನೊಂದು 14 ಸಾವಿರ ಇಡಿ. 48 ಸಾವಿರ ಆಯಿತು. ತಿಂಗಳಲ್ಲಿ 22 ದಿನ ದುಡಿದರೂ ಹತ್ತು ದಿನ ಮೇಲ್, ಮೀಟಿಂಗ್, ತಿದ್ದುಪಡಿ, ಹೊಸ ಕೆಲಸ ಹುಡುಕುವುದಕ್ಕೇ ಹೋಗುತ್ತೆ. ಚಿತ್ರಕ್ಕೆ ಉಳಿಯುವುದು 12 ದಿನ. ಅಲ್ಲಿಗೆ ದಿನಕ್ಕೆ 4,000.

40 ದಿನದ ಪುಸ್ತಕಕ್ಕೆ 1,60,000 ಕೇಳಿದರೆ ಕನ್ನಡದ ಯಾವ ಪ್ರಕಾಶಕರೂ ಕೊಡಲಾರರು. ಅವರನ್ನು ಬೈಯುವಂತಿಲ್ಲ. ಸಾವಿರ ಪ್ರತಿ ಹಾಕಿಸಿ ಅದನ್ನು ಖಾಲಿ ಮಾಡಲು ಒದ್ದಾಡುವವರೇ ಅವರಲ್ಲಿ ಬಹಳ. ಹಾಗಂತ ಪುಸ್ತಕದ ಕೆಲಸ ಬಿಡಿ ಅನ್ನಲಾರೆ, ನಿಮ್ಮ ಜೀವ ಇರುವುದೇ ಅಲ್ಲಿ. ಆದರೆ ಅಂಥ ಬಜೆಟ್ಟಿಗೆ ಎಂಟು ದಿನದಲ್ಲಿ ಮುಗಿಯುವ ಶೈಲಿಯೊಂದನ್ನು ಇಟ್ಟುಕೊಳ್ಳಿ. ಬರೀ ಕಪ್ಪು ಗೆರೆ, ಒಂದೇ ಒಂದು ಬಣ್ಣ. 40 ದಿನದ ಬಣ್ಣದ ಪುಸ್ತಕ ವರ್ಷಕ್ಕೆ ಒಂದು ಸಾಕು. ಮನೆ ನಡೆಯಬೇಕಾದದ್ದು ತಿಂಡಿ ಪ್ಯಾಕೆಟ್ಟಿನಿಂದ, ಕಂಪನಿಗಳ ಕೆಲಸದಿಂದ. ಅಂಥ ಕಡೆ ಒಬ್ಬರ ಹತ್ತಿರವಾದರೂ 'ತಿಂಗಳಿಗೆ ಆರು ಚಿತ್ರ, ಇಂತಿಷ್ಟು ದುಡ್ಡು' ಅಂತ ಆರು ತಿಂಗಳಿಗೆ ಗೊತ್ತು ಮಾಡಿಕೊಳ್ಳಿ. ರೇಟು ಸ್ವಲ್ಪ ಕಮ್ಮಿ ಆದರೂ ಪರವಾಗಿಲ್ಲ. ಬಾಡಿಗೆ ಅದರಲ್ಲಿ ಹೋಗುತ್ತೆ ಅಂತ ಗೊತ್ತಿದ್ದರೆ ಉಳಿದ ಗಿರಾಕಿಗಳ ಹತ್ತಿರ ದನಿ ಗಟ್ಟಿಯಾಗುತ್ತದೆ. ಮತ್ತೆ, ಅರ್ಧ ದುಡ್ಡು ಮುಂಗಡ ಬರುವ ತನಕ ಪೆನ್ಸಿಲ್ ಮುಟ್ಟಬೇಡಿ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ದುಡ್ಡು.

ಹಕ್ಕಿನ ವಿಚಾರ ನೀವು ಎತ್ತಿಲ್ಲ. ಎತ್ತಿಲ್ಲ ಅಂತಲೇ ಭಯ ಆಯಿತು. ನಾನೂ ಬಹಳ ವರ್ಷ ಬಿಡಿ ಕೆಲಸ ಮಾಡಿ ಬದುಕಿದವಳು. ಒಂದು ಸಲ ಒಬ್ಬರಿಗೆ ಕ್ಯಾಲೆಂಡರ್‌ಗೆ ಅಂತ ನವಿಲು ಬರೆದುಕೊಟ್ಟೆ, 3,000 ರೂಪಾಯಿಗೆ. ನಾಲ್ಕು ವರ್ಷ ಆದ ಮೇಲೆ ಅಂಗಡಿಯಲ್ಲಿ ಊದುಬತ್ತಿ ಕೊಳ್ಳಲು ಹೋದರೆ ಪ್ಯಾಕಿನ ಮೇಲೆ ನನ್ನ ನವಿಲು! ಗರಿಯಲ್ಲಿ ನಾನು ತಪ್ಪಿ ಬಿಟ್ಟಿದ್ದ ಒಂದು ಕಣ್ಣು ಸಹ ಹಾಗೇ ಖಾಲಿ. ಜಗಳಕ್ಕೆ ಹೋದೆ. 'ಕಾಗದ ಎಲ್ಲಿದೆ ತೋರಿಸಿ' ಅಂದರು. ಇರಲಿಲ್ಲ. ಆ ಊದುಬತ್ತಿ ಪ್ಯಾಕು ಇನ್ನೂ ನನ್ನ ಡ್ರಾಯರಿನಲ್ಲಿದೆ.

1957ರ ಕೃತಿಸ್ವಾಮ್ಯ ಕಾಯ್ದೆ ಸಾಮಾನ್ಯವಾಗಿ ಬರೆದವರನ್ನೇ ಒಡೆಯರು ಅನ್ನುತ್ತದೆ. ಆದರೆ 17ನೇ ಸೆಕ್ಷನ್‌ನಲ್ಲಿ ಒಂದು ಕೊಂಡಿ ಇದೆ. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರದಂಥವುಗಳಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಒಡೆಯರು. ಹಾಗಾಗಿ ಪ್ರತಿ ಕೆಲಸಕ್ಕೂ ಒಂದು ಪುಟದ ಕಾಗದ ಇರಲಿ. 'ಕೃತಿಸ್ವಾಮ್ಯ ನನ್ನದು. ಈ ಚಿತ್ರವನ್ನು ಈ ಪ್ಯಾಕೆಟ್ಟಿನ ಮೇಲೆ, ಭಾರತದಲ್ಲಿ, ಎರಡು ವರ್ಷ ಬಳಸಬಹುದು. ಆಮೇಲೆ ಬೇಕಿದ್ದರೆ ಮತ್ತೆ ಮಾತಾಡೋಣ.' ಎರಡೂ ಕಡೆಯ ಸಹಿ. ಎಲ್ಲ ಹಕ್ಕೂ ಬೇಕು ಅಂದರೆ ಕೊಡಿ, ರೇಟು ಮಾತ್ರ ಮೂರರಷ್ಟು ಹೇಳಿ.

ಚಿಕ್ಕಮ್ಮನ ಮಗಳ ಕಾರ್ಡ್ ಬರೆದುಕೊಡಿ. ಹತ್ತಿರದವರ ಹತ್ತಿರ ಲೆಕ್ಕ ಬೇಡ. ಆದರೆ ಪೂರ್ತಿ ರೇಟಿನ ಬಿಲ್ ಮಾಡಿ, ಕೆಳಗೆ 'ಮುಯ್ಯಿ' ಅಂತ ಬರೆದು ಕಾರ್ಡಿನ ಜೊತೆಗೇ ಕೊಡಿ. ಮದುವೆ ಮನೆಯಲ್ಲಿ ಅದನ್ನು ನಾಲ್ಕು ಜನ ನೋಡುತ್ತಾರೆ. ಐದನೆಯವರು ಐದು ನಿಮಿಷದ ಮಾತು ಆಡುವುದಿಲ್ಲ.

ಎಐ ತಿಂದಿರುವುದು ಹಬ್ಬದ ಶುಭಾಶಯದ ಪೋಸ್ಟು, 500 ರೂಪಾಯಿ ಲೋಗೊ. ಅದು ಹೋದರೆ ಹೋಗಲಿ. ಭಟ್ಟಿಯ ಮುಂದೆ ಸೆರಗನ್ನು ಹೇಗೆ ಹಿಡಿಯುತ್ತಾರೆ ಅಂತ ಹೋಗಿ ನೋಡಿಬಂದವರ ಕೆಲಸವನ್ನು ಕೇಳಿಕೊಂಡು ಬರುವವರು ಇನ್ನೂ ಇದ್ದಾರೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಆ ಮೂರು ಚಿತ್ರಗಳ ಪ್ರಿಂಟ್ ತೆಗೆದುಕೊಂಡು ಹೋಗಿ. ಅಲ್ಲಿ ಮಾರಾಟಕ್ಕಿಂತ ಸಿಗುವ ಫೋನ್ ನಂಬರುಗಳು ಮುಖ್ಯ.

ಇನ್ನು ಆ 45 ಸಾವಿರದ ಕೆಲಸ. ಸಂಬಳಕ್ಕೆ ಹೋದರೆ ಕಲಾವಿದೆ ಅಲ್ಲ ಅಂತೇನೂ ಇಲ್ಲ. ಆರ್.ಕೆ. ಲಕ್ಷ್ಮಣ್ ದಶಕಗಟ್ಟಲೆ ಒಂದೇ ಪತ್ರಿಕೆಯ ಕೆಲಸದಲ್ಲಿದ್ದರು. ಚಂದ್ರನಾಥ ಆಚಾರ್ಯ ಅವರ ಗೆರೆಗಳನ್ನು ಕನ್ನಡದ ಓದುಗರು ಕಂಡದ್ದೂ ಪತ್ರಿಕೆಗಳಲ್ಲೇ. ನಿಮ್ಮ ಸ್ಟುಡಿಯೊದ ಷರತ್ತು ಮಾತ್ರ ನನಗೆ ಹಿಡಿಸಲಿಲ್ಲ. ಕೆಲಸದ ಭಾಗವಾಗಿ ಬರೆದದ್ದೆಲ್ಲ ಅವರದ್ದಾಗುತ್ತದೆ, ಸಂಜೆ ನಿಮ್ಮದು ಅಂತ ಬರೆಯುವಂತೆಯೂ ಇಲ್ಲ. ಮೊದಲು 'ವಾರಕ್ಕೆ ಮೂರು ದಿನ ಬರುತ್ತೇನೆ, 25 ಸಾವಿರ ಕೊಡಿ, ಉಳಿದ ದಿನ ನನ್ನದು' ಅಂತ ಕೇಳಿ. ಅವರಾಗಿಯೇ ಕರೆದಿದ್ದಾರೆ, ಕೇಳಿದರೆ ತಪ್ಪೇನು? ಒಪ್ಪಲಿಲ್ಲ ಅಂದರೆ 74 ಸಾವಿರ ನೋಡಿ. 10ನೇ ತಾರೀಖಿನೊಳಗೆ ಅದರಲ್ಲಿ ಅರ್ಧ ಬಂದರೆ, ಕೈಯಲ್ಲಿರುವ ಲಕ್ಷವೂ ಸೇರಿ ನಿಮಗೆ ನಾಲ್ಕು ತಿಂಗಳು ಸಿಗುತ್ತದೆ. ಸ್ಟುಡಿಯೊಗೆ ಬೇಡ ಅನ್ನಿ. ಬರಲಿಲ್ಲವೇ, ಒಂದು ವರ್ಷಕ್ಕೆ ಸೇರಿಕೊಳ್ಳಿ, ಈಗಿನ ಲಕ್ಷವೂ ಸೇರಿ ಎರಡು ಲಕ್ಷ ಮಾಡಿಕೊಂಡು ಹೊರಗೆ ಬನ್ನಿ.

ಆದರೆ ಅದಕ್ಕೂ ಮೊದಲು ಒಂದು ಭಾನುವಾರ ದಾವಣಗೆರೆಗೆ ಹೋಗಿ ಬನ್ನಿ. ಒಂದನೇ ತಾರೀಖು ಸಂಬಳ ಅನ್ನುವ ನಿಮ್ಮ ಅಪ್ಪಾಜಿಗೆ ಒಂದನೇ ತಾರೀಖು ಯಾವತ್ತು ದುಡ್ಡು ಬಂದಿತ್ತು ಹೇಳಿ? ಬಟ್ಟೆ ಅಂಗಡಿಗೆ ಮದುವೆ ಸೀಸನ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಆಷಾಢದಲ್ಲಿ ನೊಣ ಹೊಡೆಯಬೇಕು. ನಿಮ್ಮ ಸ್ಕೂಲ್ ಫೀಸು ಕಟ್ಟುವ ಹೊತ್ತೂ ಅದೇ ಆಗಿತ್ತು. ಹೇಗೆ ಕಟ್ಟುತ್ತಿದ್ದರು ಅಂತ ಕೇಳಿ. ಉದ್ರಿ ಪುಸ್ತಕ ತೋರಿಸಿ ಅನ್ನಿ. ಯಾರಿಗೆ ಉದ್ರಿ ಕೊಡಬಾರದು, ಯಾರಿಗೆ ಯಾವ ವಾರ ಹೇಳಿ ಕಳಿಸಬೇಕು ಅಂತ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ನಿಮ್ಮ ಮೂರು ಬಾಕಿಗಳ ಪಟ್ಟಿಯನ್ನು ಅವರ ಮುಂದಿಡಿ. ಎರಡನೆಯವರಿಗೆ ಬರುವಷ್ಟರಲ್ಲಿ 'ನಂಬರ್ ಕೊಡು, ನಾನೇ ಫೋನ್ ಹಚ್ಚತೀನಿ' ಅಂದರೂ ಅಂದಾರು. ಅದಕ್ಕೆ ಮಾತ್ರ ಬಿಡಬೇಡಿ.