ಇಪ್ಪತ್ತು ಸೆಂಟ್ ಮಳೆ ಎಲ್ಲಿ ಹೋಯ್ತು?

ನಮಸ್ಕಾರ. ತೋಟದ ಮಳೆ ಲೆಕ್ಕಾನ ಮೊಬೈಲ್ ಆ್ಯಪ್‌ನಿಂದ ಆಫೀಸಿನ ಕಂಪ್ಯೂಟರ್‌ಗೆ ಕಳಿಸೋ ಬಗ್ಗೆ ನೀವು ಗೋಣಿಕೊಪ್ಪದಿಂದ ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ವಿಷಯಾನೂ ನಮ್ಮ ಕಡೆಗೆ ಬೇಕಾದ್ದೇ. ಇನ್ನು ಸಿಟ್ಟು ಬಂದ ಜಾಗಕ್ಕೆ ಬರ್ತೀನಿ.

ಜೇಸನ್ (ಪ್ರೋಗ್ರಾಂಗಳ ನಡುವೆ ಡೇಟಾ ಕಳಿಸೋಕೆ ಬಳಸೋ ಬರಹದ ರೂಪ) ಬಗ್ಗೆ ಮೂರನೇ ಪ್ಯಾರಾದಲ್ಲಿ "ಜೇಸನ್‌ನಲ್ಲಿ ಹಾಕಿದ್ದು ಹೇಗಿತ್ತೋ ಹಾಗೇ ಆಚೆ ಕಡೆ ಸಿಗುತ್ತದೆ" ಅಂದಿದ್ದೀರಿ. ಸಿಗಲ್ಲ ಮಾರಾಯ್ರೇ. ನಿಮ್ಮದೇ ಉದಾಹರಣೆ ತಗೊಳ್ಳಿ, ಮಳೆ 1.20, ಅಂದ್ರೆ ಒಂದು ಇಂಚು ಇಪ್ಪತ್ತು ಸೆಂಟ್ (ನೂರು ಸೆಂಟ್‌ಗೆ ಒಂದಿಂಚು). ಜೇಸನ್‌ಗೆ ಅದು ಬರೀ ಒಂದು ನಂಬರ್, ಆಚೆ ಪ್ರೋಗ್ರಾಂ ಅದನ್ನ ಓದಿ ಮತ್ತೆ ಬರೆಯೋವಾಗ 1.2 ಆಗಿರುತ್ತೆ, ಮೆಷಿನ್‌ಗೆ ಎರಡೂ ಒಂದೇ, ಆದ್ರೆ ಸ್ಕ್ರೀನ್ ನೋಡೋ ತೋಟದ ರೈಟರು ಒಂದಿಂಚು ಎರಡು ಸೆಂಟ್ ಅಂತ ಪುಸ್ತಕಕ್ಕೆ ಹತ್ತಿಸ್ತಾರೆ. ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಟೈಮಲ್ಲಿ ಹದಿನೆಂಟು ಸೆಂಟ್ ವ್ಯತ್ಯಾಸ ಅಂದ್ರೆ ಸ್ಪ್ರಿಂಕ್ಲರ್ ಓಡಿಸ್ಬೇಕಾ ಬೇಡ್ವಾ ಅನ್ನೋ ಪ್ರಶ್ನೆ. 120 ಅಂತ ಪೂರ್ತಿ ಸಂಖ್ಯೆ ಕಳಿಸಿ, ಫೀಲ್ಡ್ ಹೆಸರಲ್ಲೇ 'ಮಳೆ_ಸೆಂಟ್' ಅಂತ ಇರ್ಲಿ, ಯಾವ ಅಳತೆ ಅಂತ ಯಾರೂ ಕೇಳೋ ಹಾಗಾಗ್ಬಾರ್ದು.

ನಾನು ಮಡಿಕೇರಿಯಲ್ಲಿ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯೋವಾಗ ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯಿಂದ ಫೋನಲ್ಲಿ ಮಳೆ ವರದಿ ಬರೋದು. ಹಿರಿಯ ಸಬ್‌ಎಡಿಟರ್ ಒಬ್ಬರಿದ್ರು, ಚೀಟಿ ಮೇಲೆ ಬರೀ ಅಂಕಿ ಇದ್ರೆ ಓದ್ತಾನೇ ಇರ್ಲಿಲ್ಲ, "ಇಂಚಾ, ಮಿಲಿಮೀಟರಾ?" ಅಂತ ವಾಪಸ್ ತಳ್ಳೋರು, ಕಲಿಯೋ ಹುಡುಗರು ಆ ಜಡಿಮಳೇಲಿ ಲೈನ್ ಸಿಗೋ ತನಕ ಫೋನ್ ತಿರುಗಿಸ್ತಾ ಕೂರಬೇಕು. ಬೈಕೊಳ್ತಿದ್ವಿ ಬಿಡಿ.

ಇನ್ನೊಂದು, "ತಾರೀಕನ್ನು ಪೈಥಾನ್‌ನ ಡೇಟ್ ಆಬ್ಜೆಕ್ಟಾಗಿಯೇ ಜೇಸನ್‌ಗೆ ಹಾಕಿದೆವು". ಹಾಕಿಲ್ಲ ನೀವು! ಹಾಕೋಕೆ ಹೋಗಿದ್ರೆ ಅಲ್ಲೇ ಪೈಥಾನ್ (ಪ್ರೋಗ್ರಾಂ ಬರೆಯೋ ಭಾಷೆ) ಟೈಪ್‌ಎರರ್ ಅಂತ ತಪ್ಪು ತೋರಿಸ್ತಿತ್ತು, ಯಾಕಂದ್ರೆ ಸ್ಟ್ರಿಂಗ್, ನಂಬರ್, ಟ್ರೂ-ಫಾಲ್ಸ್, ನಲ್, ಅರೇ, ಆಬ್ಜೆಕ್ಟ್ ಇಷ್ಟೇ ಜೇಸನ್‌ಗೆ ಗೊತ್ತಿರೋದು, ತಾರೀಕು ಅನ್ನೋ ಟೈಪೇ ಇಲ್ಲ. ಓಡಿಸದ ಕೋಡ್‌ನ ಓಡಿಸಿದ ಹಾಗೆ ಬರೆದ್ರೆ ನನಗೆ ಮೈ ಉರಿಯುತ್ತೆ. 2024-04-05 ಅಂತ ಐಎಸ್‌ಒ 8601 ರೀತಿ (ವರ್ಷ-ತಿಂಗಳು-ದಿನ) ಸ್ಟ್ರಿಂಗ್ ಮಾಡಿ ಕಳಿಸ್ಬೇಕು, ಆಚೆ ಕಡೆ ಅದನ್ನ ಮತ್ತೆ ತಾರೀಕು ಮಾಡ್ಕೋಬೇಕು. ಬರೀ 5-4 ಅಂದ್ರೆ ಒಬ್ಬರಿಗೆ ಏಪ್ರಿಲ್, ಇನ್ನೊಬ್ಬರಿಗೆ ಮೇ.

"ಪಿಕಲ್ ಬಳಸಿದರೆ ತೊಂದರೆಯೇ ಇಲ್ಲ" ಅನ್ನೋ ಸಾಲು ಹೊಡೆದು ಹಾಕಿದ್ದೀನಿ. ಪಿಕಲ್ ಅಂದ್ರೆ ಪೈಥಾನ್ ತನ್ನ ಡೇಟಾನ ಫೈಲ್ ಮಾಡಿಡೋ ರೀತಿ, ಟೈಪ್ ಉಳಿಯುತ್ತೆ ನಿಜ, ಆದ್ರೆ ಅದು ಪೈಥಾನ್‌ಗೆ ಮಾತ್ರ, ಮೇಲಾಗಿ ಗೊತ್ತಿಲ್ಲದವರು ಕಳಿಸಿದ ಪಿಕಲ್ ಫೈಲ್ ಬಿಚ್ಚಿದ್ರೆ ಅದರೊಳಗೆ ಅಡಗಿಸಿಟ್ಟ ಕೋಡ್ ನಿಮ್ಮ ಮೆಷಿನ್‌ನಲ್ಲಿ ಓಡಬಹುದು, ಪೈಥಾನ್‌ನವರೇ ಈ ಎಚ್ಚರಿಕೆ ಬರೆದಿಟ್ಟಿದ್ದಾರೆ.

ಪ್ರೋಟೋಬಫ್ (ಡೇಟಾ ಕಳಿಸೋ ಇನ್ನೊಂದು ರೀತಿ) ಭಾಗ ಹಾಗೇ ಇರ್ಲಿ. ಈ ಪ್ಯಾರಾಗಳನ್ನ ಮಾತ್ರ ಕೋಡ್ ಓಡಿಸಿ, ಬಂದ ಎರರ್ ಸಮೇತ ಮತ್ತೆ ಬರೆದು ಕಳಿಸಿ. ಸ್ಕ್ರೀನ್‌ಶಾಟ್ ಬೇಡ, ಟೈಪ್ ಮಾಡಿದ್ದೇ ಸಾಕು.